‘ಆಗಲಿಲ್ಲ’ ಎನ್ನಲು ಫೋನ್ ಮಾಡುವ ಜಯಲತಕ್ಕ

ಬೆಳಿಗ್ಗೆ ಏಳಕ್ಕೆ ಇನ್ನೂ ಐದು ನಿಮಿಷವಿದೆ. ಸೀವುಡ್ಸ್ ಸ್ಟೇಷನ್ನಿನ ಸಮೀಪದ ಆ ಕಾಲೇಜಿನಲ್ಲಿ ವಾಚ್‌ಮನ್ ಬಿಟ್ಟರೆ ಇರುವುದು ಆಫೀಸಿನ ಕ್ಲರ್ಕ್ ಜಯಲತಾ ಒಬ್ಬರೇ. ಆಫೀಸಿನ ಕಿಟಕಿ ತೆರೆದು, ಮೇಜಿನ ಧೂಳು ಒರೆಸಿ, ಹೆಸರುಗಳ ಪಟ್ಟಿ ಮುಂದಿಟ್ಟುಕೊಂಡು ಟೊರೊಂಟೊಗೆ ಫೋನ್ ಹಚ್ಚುತ್ತಾರೆ. ಅಲ್ಲಿ ಈಗ ನಿನ್ನೆಯ ರಾತ್ರಿ. ಮನೀಶ ಎಂಬ ಅಭ್ಯರ್ಥಿ ಮಲಗುವ ಮೊದಲು ಸಿಗಬೇಕು.

“ಮನೀಶ್ ಸರ್, ಕಾಲೇಜಿಂದ ಜಯಲತಾ ಮಾತಾಡುವುದು. ಈ ಸಲ ನಿಮಗೆ ಆಗ್ಲಿಲ್ಲ.”

ಆ ಕಡೆಯಿಂದ ಜೋರು ನಗು. “ಮೇಡಂ, ಇದನ್ನು ಹೇಳಲಿಕ್ಕೆ ಇಷ್ಟು ಬೇಗ ಆಫೀಸಿಗೆ ಬಂದ್ರಾ?”

“ಮತ್ತೆಂತ ಮಾಡುವುದು? ನಿಮ್ಮ ಗಡಿಯಾರ ಉಲ್ಟಾ ಉಂಟಲ್ಲ!”

ಪಟ್ಟಿಯಲ್ಲಿ ಮನೀಶನ ಹೆಸರಿನ ಮುಂದೆ ಪೆನ್ಸಿಲ್ಲಿನ ಗೀಟು ಬೀಳುತ್ತದೆ.

ಸಾಹಿತ್ಯ, ಅರ್ಥಶಾಸ್ತ್ರ, ತತ್ವಶಾಸ್ತ್ರಗಳನ್ನು ಒಟ್ಟಿಗೆ ಕಲಿಸುವ ಈ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಎರಡು ವರ್ಷದ ಹಿಂದೆ ಸಾರ್ವಜನಿಕ ನೀತಿ ವಿಭಾಗ ಶುರುವಾಗಿದೆ. ಈ ವರ್ಷ ಅಲ್ಲಿನ ಒಂದು ಪ್ರಾಧ್ಯಾಪಕ ಹುದ್ದೆಗೆ ಬಂದ ಅರ್ಜಿಗಳು ನೂರ ಅರವತ್ತೆಂಟು. ಕೆಲಸ ಸಿಗುವುದು ಒಬ್ಬರಿಗೆ. ಉಳಿದ ನೂರ ಅರವತ್ತೇಳು ಮಂದಿ ಜಯಲತಾ ಪಾಲಿಗೆ. ದಿನಕ್ಕೆ ಇಪ್ಪತ್ತೈದು ಫೋನ್. ಎತ್ತದವರಿಗೆ ಮೂರು ಸಲ ಪ್ರಯತ್ನ. ಕನ್ನಡ, ಮರಾಠಿ, ಹಿಂದಿ, ಸಾಲದಿದ್ದರೆ ಇಂಗ್ಲಿಷ್.

ಉಡುಪಿ ಕಡೆಯ ಜಯಲತಾ ಮದುವೆಯಾಗಿ ಡೊಂಬಿವಿಲಿಗೆ ಬಂದವರು. ಗಂಡ ಪುಂಡರೀಕಾಕ್ಷ ಅಲ್ಲೇ ಒಂದು ಶಾಕಾಹಾರಿ ಹೋಟೆಲಿನ ಮ್ಯಾನೇಜರ್. ಇಬ್ಬರೂ ನಾಲ್ಕಕ್ಕೇ ಏಳುತ್ತಾರೆ. ಐದರ ಲೋಕಲ್ ಹಿಡಿದು ಠಾಣೆಯಲ್ಲಿ ಇಳಿದು, ಇನ್ನೊಂದು ಗಾಡಿ ಹತ್ತಿ ಕಾಲೇಜು ಮುಟ್ಟುವುದು ಜಯಲತಾ ದಿನಚರಿ.

ಈ ಫೋನ್ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಅಂಬರನಾಥದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಕೆಲಸಕ್ಕೆ ಅವರು ಇಂಟರ್‌ವ್ಯೂ ಕೊಟ್ಟಿದ್ದರು. ‘ತಿಳಿಸುತ್ತೇವೆ’ ಎಂದಿದ್ದರಂತೆ. “ನಾಲ್ಕು ತಿಂಗಳು ಮಧ್ಯಾಹ್ನ ಮಲಗಲಿಲ್ಲ ನಾನು. ಪೋಸ್ಟ್‌ಮ್ಯಾನ್ ಬಂದು ಬಾಗಿಲು ಬಡಿದು ಹೋದ್ರೆ? ನಡುವೆ ಬಂದ ಇನ್ನೊಂದು ಕೆಲಸವನ್ನೂ ಬೇಡ ಅಂದೆ. ನೋಡಿದ್ರೆ ಅಲ್ಲಿ ಮರುದಿನವೇ ಬೇರೆಯವರು ಸೇರಿ ಆಗಿತ್ತು. ಒಂದು ಮಾತು ಹೇಳಿದ್ರೆ ಅವರ ಗಂಟೆಂತ ಹೋಗ್ತಿತ್ತು?”

ಎರಡು ವರ್ಷದ ಹಿಂದೆ ಹೊಸದಾಗಿ ಬಂದ ರಿಜಿಸ್ಟ್ರಾರ್ ಲೀಲಾಧರ ಅವರಿಗೆ ಇದು ಹಿಡಿಸಲಿಲ್ಲ. “ಮೇಡಂ, ಯಾಕೆ ಆಗಲಿಲ್ಲ ಅಂತ ಕೇಳಿ ಯಾರಾದರೂ ಕೋರ್ಟಿಗೆ ಹೋದ್ರೆ? ಒಂದು ಇಮೇಲ್ ಹಾಕಿ, ಸಾಕು” ಎಂದರು. ಜಯಲತಾ ವಾದಿಸಲಿಲ್ಲ. “ಒಂದೇ ಫೋನ್ ಕೂತು ಕೇಳಿ ಸರ್. ಆಮೇಲೆ ನೀವು ಬೇಡ ಅಂದ್ರೆ ಬೇಡ” ಎಂದು ಸ್ಪೀಕರ್ ಹಾಕಿದರು.

ಆ ಕಡೆ ಇದ್ದದ್ದು ದಿವಾದ ನಿಶ್ಮಿತಾ. ದಿವಾ ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು ಹೆಂಗಸರಿಗೆ ಗಾಡಿ ಹತ್ತಲು ಏಕೆ ಆಗುವುದಿಲ್ಲ ಎಂಬುದನ್ನೇ ವಿಷಯ ಮಾಡಿಕೊಂಡು ಆಯ್ಕೆ ಸಮಿತಿ ಮತ್ತು ವಿದ್ಯಾರ್ಥಿಗಳ ಎದುರು ಪಾಠ ಮಾಡಿ ಹೋಗಿದ್ದ ಹುಡುಗಿ. ಸುದ್ದಿ ಕೇಳಿ ಅವಳು ಕೇಳಿದ್ದು ಲೀಲಾಧರ ಹೆದರಿದ್ದ ಪ್ರಶ್ನೆಯನ್ನೇ. “ಆಂಟಿ, ನಾನು ಎಲ್ಲಿ ತಪ್ಪಿದೆ?”

“ಅದು ನನಗೆ ಗೊತ್ತಿಲ್ಲ ಮಗಾ. ನಾನು ಒಳಗಿರಲಿಲ್ಲ, ಬಾಗಿಲ ಹತ್ರ ಇದ್ದೆ. ಬೆಲ್ ಆದ ಮೇಲೂ ಮಕ್ಕಳು ನಿನ್ನ ಪಾಠ ಬಿಟ್ಟು ಏಳಲಿಲ್ಲ. ನಾನು ಕಂಡದ್ದು ಅಷ್ಟೇ.”

ನಿಶ್ಮಿತಾ ಹೇಳಿದಳು: “ತೀನ್ ಕಾಲೇಜ್‌ಮೆ ಇಂಟರ್‌ವ್ಯೂ ದಿಯಾ ಥಾ ಆಂಟಿ. ಫೋನ್ ಸಿರ್ಫ್ ಆಪ್‌ಕಾ ಆಯಾ. ಥ್ಯಾಂಕ್ಯೂ.” ಮೂರು ಕಾಲೇಜುಗಳಲ್ಲಿ ಇಂಟರ್‌ವ್ಯೂ ಕೊಟ್ಟವಳಿಗೆ ಫೋನ್ ಬಂದದ್ದು ಇಲ್ಲಿಂದ ಮಾತ್ರ.

ಲೀಲಾಧರ ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು. “ಬೈಯುವವರು ಯಾರಾದರೂ ಇದ್ದರೆ ಆ ನಂಬರ್ ನನಗೆ ಕೊಡಿ” ಎಂದರು. ಅಂದಿನಿಂದ ಬೈಗುಳದ ಖಾತೆ ರಿಜಿಸ್ಟ್ರಾರರದ್ದು.

ನಿಶ್ಮಿತಾ ಈ ವರ್ಷ ಮತ್ತೆ ಅರ್ಜಿ ಹಾಕಿದಳು. ಮೊನ್ನೆ ಸೋಮವಾರ ಸಮಿತಿಯ ತೀರ್ಮಾನ ಬಂತು. ಆಯ್ಕೆಯಾದವರಿಗೆ ಪ್ರಿನ್ಸಿಪಾಲರೇ ಫೋನ್ ಮಾಡುವುದು ವಾಡಿಕೆ. ಆದರೆ ಪ್ರಿನ್ಸಿಪಾಲ್ ಸತ್ಯಭಾಮಾ ಈ ಸಲ ಹೆಸರಿನ ಚೀಟಿಯನ್ನು ಜಯಲತಾ ಕೈಗಿಟ್ಟು, “ಇದೊಂದನ್ನು ನೀವೇ ಮಾಡಿ” ಎಂದರು.

ನಿಶ್ಮಿತಾ ಆಗ ದಿವಾ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತಿದ್ದಳು. ಹಲೋ ಎನ್ನುವುದಕ್ಕೂ ಬಿಡಲಿಲ್ಲ. “ಆಂಟಿ, ನಂಬರ್ ನೋಡಿಯೇ ಗೊತ್ತಾಯ್ತು. ಪರವಾಗಿಲ್ಲ. ನೀವು ಬೇಜಾರು ಮಾಡ್ಕೋಬೇಡಿ. ಮುಂದಿನ ಸಲ ಪುನಃ ಹಾಕ್ತೇನೆ...”

“ಒಮ್ಮೆ ಬಾಯಿ ಮುಚ್ಚು ಮಾರಾಯ್ತಿ!” ಎಂದು ಜಯಲತಾ ಕೂಗಿದರು. “ಆಗಿದೆ! ನಿನಗೇ ಆಗಿದೆ!”

ಇಡೀ ಆಫೀಸು ತಿರುಗಿ ನೋಡಿತು. ಫೋನಿನಲ್ಲಿ ಗಾಡಿ ಬಂದು ನಿಂತ ಸದ್ದು, ಜನರ ಗಲಾಟೆ, ನಿಶ್ಮಿತಾಳ ಕಿರುಚು. “ಆಂಟಿ, ಗಾಡಿ ಛೂಟ್ ಗಯಿ!” ಎಂದು, ಗಾಡಿ ತಪ್ಪಿಸಿಕೊಂಡ ಅವಳು ಅಳುತ್ತಾ ನಗುತ್ತಿದ್ದಳಂತೆ. ಹೇಳುವಾಗ ಜಯಲತಾ ಕಣ್ಣೂ ಒದ್ದೆ.

ದಿನಾ ಇಂಥ ಫೋನೇ ಇದ್ದಿದ್ದರೆ ಚೆನ್ನಾಗಿತ್ತಲ್ಲವೇ ಎಂದರೆ, ಪಟ್ಟಿಯ ಮುಂದಿನ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ಉತ್ತರಿಸುತ್ತಾರೆ: “ಆಗಿದೆ ಅಂತ ಹೇಳ್ಲಿಕ್ಕೆ ಯಾರಾದ್ರೂ ಓಡಿ ಬರ್ತಾರೆ. ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ಒಬ್ಬರು ಬೇಕಲ್ಲ? ಮಾರ್ಚಿಗೆ ನಾನು ರಿಟೈರ್. ಅಷ್ಟರೊಳಗೆ ಆ ಒಬ್ಬರು ಸಿಕ್ಕಿದ್ರೆ ಸಾಕು ನನಗೆ.”