ಪ್ಯಾರಲಲ್ ಪೋರ್ಟಿನ ಸಿಸ್ಟರ್

ಸೊಂಟದ ಪಟ್ಟಿಗೆ ಜಪಮಾಲೆಯ ಪಕ್ಕದಲ್ಲೇ ಅವರು ಒಂದು ಪುಟ್ಟ ಸ್ಕ್ರೂಡ್ರೈವರ್ ತೂಗುಹಾಕಿಕೊಳ್ಳುತ್ತಿದ್ದರು. ಹಳದಿ ಹಿಡಿ, ಕಿರುಬೆರಳಿನಷ್ಟು ಉದ್ದ. ನಡೆಯುವಾಗ ಮಣಿಗಳು ಕಬ್ಬಿಣಕ್ಕೆ ತಾಗಿ ಸಣ್ಣ ಸದ್ದು ಬರುತ್ತಿತ್ತು. ಕಾರ್ಕಳದ ನಮ್ಮ ಕಾನ್ವೆಂಟಿನ ಉದ್ದನೆಯ ಜಗಲಿಯಲ್ಲಿ ಆ ಸದ್ದು ತಿರುವಿನಾಚೆ ಕೇಳಿಸಿದೊಡನೆ ನಾವು ಹುಡುಗಿಯರು ಜಡೆಯ ರಿಬ್ಬನ್ ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದೆವು. ನಮ್ಮ ಗಣಿತದ ಸಿಸ್ಟರ್ ಅವರು. ಸ್ಕ್ರೂಡ್ರೈವರ್ ಆಗ ನಮ್ಮ ಕೈವಾರಗಳ ತಿರುಪು ಬಿಗಿಮಾಡಲಿಕ್ಕೆ. ಸಡಿಲ ಕೈವಾರದಲ್ಲಿ ಎಳೆದ ವೃತ್ತ ಹೊರಟಲ್ಲಿಗೆ ಬಂದು ಸೇರುವುದಿಲ್ಲ. "ಬಾಯೆ, ನಿನ್ನ ವೃತ್ತ ಮನೆಗೆ ಬರಲಿಲ್ಲ" ಎನ್ನುತ್ತ ಕೈವಾರ ಎತ್ತಿಕೊಂಡು, ತಿರುಪು ಬಿಗಿದು ಕೊಟ್ಟು, ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಕೊಂಕಣಿ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕರೆಯುವ ಹಾಗೆ ನಮ್ಮನ್ನೆಲ್ಲ ಅವರು ಬಾಯೆ ಎಂದೇ ಕರೆಯುತ್ತಿದ್ದರು. ತುಳು ಮಾತಾಡುವ ನನಗೂ ಅದೇ, ಪಕ್ಕದಲ್ಲಿ ಕೂರುತ್ತಿದ್ದ ಬ್ಯಾರಿ ಹುಡುಗಿಗೂ ಅದೇ.

ಮದುವೆಯಾಗಿ ನಾನು ಇನ್ನಂಜೆಗೆ ಬಂದೆ. ಗಂಡನ ಮನೆಯಲ್ಲಿ ಮಲ್ಲಿಗೆ ಗಿಡಗಳಿದ್ದವು. ನಸುಕಿಗೆ ಎದ್ದು ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಹೂವಿನವನು ಬರುವುದರೊಳಗೆ ಮಾಲೆ ಸುತ್ತಿ ಚೆಂಡು ಮಾಡಿ ಇಡುವುದು ಅತ್ತೆಯದೂ ನನ್ನದೂ ಕೆಲಸ. ಹತ್ತು ಗಂಟೆಯ ಮೇಲೆ ಮನೆ ಬಾವಿಯ ನೀರಿನ ಹಾಗೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನಾನು ಸುಖವಾಗಿಯೇ ಇದ್ದೆ. ಆದರೂ ಕೆಲವು ಮಧ್ಯಾಹ್ನ ಬೆರಳ ತುದಿಯ ವಾಸನೆ ನೋಡಿಕೊಳ್ಳುತ್ತ, ಇಷ್ಟು ಓದಿ ನಾನು ಎಂತ ಮಾಡಿದೆ ಎಂದು ಅನಿಸುತ್ತಿತ್ತು.

ಎರಡು ಸಾವಿರದ ಇಸವಿಯ ಹಿಂದಿನ ವರ್ಷದ ಬೇಸಗೆ. ಕಾಪುವಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬೆನ್ನ ಹಿಂದೆ ಮಣಿಯ ಸದ್ದು. ನಾನು ತಿರುಗುವ ಮೊದಲೇ ಯಾರೋ ಕೇಳಿದರು: "ಈ ಬಸ್ಸಿನ ಬೋರ್ಡಿನಲ್ಲಿ ಎಂತ ಬರೆದಿದೆ, ಸ್ವಲ್ಪ ಹೇಳುತ್ತೀರಾ?"

ಬೋರ್ಡಿನ ಅಕ್ಷರಗಳು ಅಂಗೈಯಷ್ಟು ದೊಡ್ಡವಾಗಿದ್ದವು. "ಉಡುಪಿ, ಸಿಸ್ಟರ್" ಎಂದೆ.

ಅವರು ತಲೆ ವಾಲಿಸಿದರು. "ಶಾಲೆಯ ಅಸೆಂಬ್ಲಿಯಲ್ಲಿ ಓದುತ್ತಿದ್ದವಳಲ್ವಾ ನೀನು? ಸ್ವರ ಹಾಗೆಯೇ ಉಂಟು." ಆಮೇಲೆ ತುಂಬ ಸಾಧಾರಣ ಸಂಗತಿ ಹೇಳುವವರಂತೆ ಹೇಳಿದರು: "ನನಗೀಗ ಕಣ್ಣು ಮಂಜು, ಬಾಯೆ. ಬೆಳಕು ಗೊತ್ತಾಗ್ತದೆ. ಅಕ್ಷರ ಇಲ್ಲ."

ಅವರಿಗೆ ಕಾಪುವಿನ ಶಾಲೆಗೆ ವರ್ಗವಾಗಿತ್ತು. ಬಸ್ಸು ಹೋಗಲಿ ಎಂದು ಬಿಟ್ಟು, ಕಲ್ಲುಬೆಂಚಿನ ಮೇಲೆ ಕೂತು ಕಥೆ ಹೇಳಿದರು. ಮಣಿಪಾಲದ ಯಾವುದೋ ಕಚೇರಿಯವರು ತಮ್ಮ ಹಳೆಯ ಕಂಪ್ಯೂಟರುಗಳನ್ನು ಶಾಲೆಗೆ ದಾನ ಕೊಟ್ಟಿದ್ದರು. ಅವುಗಳಲ್ಲಿ ಹಾಕಲು, ಕಂಪ್ಯೂಟರನ್ನು ನಡೆಸುವ, ಹಣ ಕೊಡಬೇಕಿಲ್ಲದ ಲಿನಕ್ಸ್ ಎಂಬ ತಂತ್ರಾಂಶ ಸಿಸ್ಟರ್ ಬಳಿ ಸೀಡಿಯಲ್ಲಿತ್ತು. ಆದರೆ ಸೀಡಿ ಓದುವ ಡ್ರೈವ್ ಇದ್ದದ್ದು ಒಂದೇ ಯಂತ್ರಕ್ಕೆ. ಉಳಿದವಕ್ಕೆ ಇದ್ದದ್ದು ಬೆನ್ನಿನಲ್ಲಿ ಪ್ರಿಂಟರ್ ಸಿಕ್ಕಿಸುವ ಅಗಲ ತೂತು, ಪ್ಯಾರಲಲ್ ಪೋರ್ಟು. ಅದಕ್ಕೆ ಸಿಕ್ಕಿಸುವ ಒಂದು ನೀಲಿ ಜಿಪ್ ಡ್ರೈವ್ ಕೂಡ ದಾನದಲ್ಲಿ ಬಂದಿತ್ತು. ಸೀಡಿಯಲ್ಲಿದ್ದುದನ್ನು ದಪ್ಪ ಬಿಸ್ಕೆಟಿನಂಥ ಜಿಪ್ ಡಿಸ್ಕಿಗೆ ತುಂಬಿ, ಡ್ರೈವನ್ನು ಒಂದೊಂದೇ ಯಂತ್ರದ ಬೆನ್ನಿಗೆ ಹಚ್ಚಬೇಕು. ಆ ಡ್ರೈವನ್ನು ಯಂತ್ರ ಗುರುತಿಸಬೇಕಾದರೆ ಲಿನಕ್ಸಿನ ಕರ್ನೆಲ್ಲನ್ನು, ಎಂದರೆ ಒಳತಿರುಳನ್ನೇ, ಹೊಸದಾಗಿ ಕಟ್ಟಬೇಕು.

"ಅದು ನೂರಾರು ಪ್ರಶ್ನೆ ಕೇಳ್ತದೆ. ಉತ್ತರ ನನಗೆ ಗೊತ್ತುಂಟು. ಪ್ರಶ್ನೆ ಓದಲಿಕ್ಕೆ ಜನ ಇಲ್ಲ," ಎಂದರು. "ಶಾಲೆ ಶುರುವಾಗುವ ಮೊದಲು ನಮ್ಮ ಮೇಲಿನವರು, ಪ್ರಾಂತ್ಯದ ಮದರ್, ಬರ್ತಾರೆ. ಕಣ್ಣು ಹೋದವಳು ಕ್ಲಾಸು ಹೇಗೆ ನಡೆಸ್ತಾಳೆ ಅಂತ ಅವರಿಗೆ ಸಂಶಯ. ಈ ಲ್ಯಾಬು ಎದ್ದರೆ ನಾನು ಇಲ್ಲಿಯೇ. ಇಲ್ಲದಿದ್ದರೆ ಉಡುಪಿಯ ವಿಶ್ರಾಂತಿ ಮನೆಗೆ. ಅಲ್ಲಿ ಊಟ ಉಂಟು, ಪ್ರಾರ್ಥನೆ ಉಂಟು, ತೋಟ ಉಂಟು. ಮಕ್ಕಳು ಮಾತ್ರ ಇಲ್ಲ."

"ನನಗೆ ಕಂಪ್ಯೂಟರ್ ಅಂದರೆ ಎಂತ ಅಂತಲೇ ಗೊತ್ತಿಲ್ಲ, ಸಿಸ್ಟರ್."

"ಓದಲಿಕ್ಕೆ ಬರ್ತದಲ್ಲ, ಸಾಕು."

ಮನೆಗೆ ಬಂದು ಹೇಳಿದಾಗ ಅತ್ತೆ ನಾರು ಸೀಳುತ್ತಿದ್ದರು. "ಅಲ್ಲ ಮಾರಾಯ್ತಿ, ಅವರಿಗೆ ಕಣ್ಣು ಕಾಣುವುದಿಲ್ಲ, ನಿನಗೆ ವಿಷಯ ಗೊತ್ತಿಲ್ಲ. ಇಬ್ಬರೂ ಸೇರಿ ಎಂತ ರಿಪೇರಿ ಮಾಡ್ಲಿಕ್ಕುಂಟು?" ಎಂದು ನಕ್ಕರು. ನಗು ಮುಗಿದ ಮೇಲೆ, "ಹೂ ಕಟ್ಟಿ ಮುಗಿಸಿ ಹೋಗು. ಅವರಿಗೊಂದು ಚೆಂಡು ತಕ್ಕೊಂಡು ಹೋಗು. ಮುಡಿಯದಿದ್ದರೂ ದೇವರ ಮುಂದೆ ಇಡ್ತಾರೆ" ಎಂದರು.

ಹೀಗೆ ಆ ಬೇಸಗೆಯ ಮಧ್ಯಾಹ್ನಗಳು ಶುರುವಾದವು. ರಜೆಯ ಶಾಲೆಯಲ್ಲಿ ನಾವಿಬ್ಬರೇ. ಹೆಂಚಿನ ನಡುವಿನ ಗಾಜಿನಿಂದ ಬಿಸಿಲಿನ ಒಂದು ಚೌಕ ಇಳಿದು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಕಡಲಿನ ಗಾಳಿಗೆ ಕಿಟಕಿಯ ಕೊಂಡಿ ಆಗಾಗ ಅಲುಗುತ್ತಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಪ್ರಶ್ನೆ ಮೂಡುತ್ತಿತ್ತು. ನಾನು ಅಸೆಂಬ್ಲಿಯ ಸ್ವರದಲ್ಲಿ ಓದುತ್ತಿದ್ದೆ. ಸಿಸ್ಟರ್ ಮುಖ ಕಿಟಕಿಯ ಬೆಳಕಿನ ಕಡೆ ಮಾಡಿ, ಕಣ್ಣು ಮುಚ್ಚಿಕೊಂಡು, ಉತ್ತರ ಹೇಳುತ್ತಿದ್ದರು. ವೈ. ಎನ್. ಎನ್. ಎಮ್. ಪ್ರಶ್ನೆ, ಉತ್ತರ, ಒಂದು ಕೀಲಿಯ ಸದ್ದು, ಮತ್ತೆ ಪ್ರಶ್ನೆ. ಸ್ವಲ್ಪ ಹೊತ್ತಿನಲ್ಲಿ ಯಾರು ಓದುತ್ತಿದ್ದಾರೆ, ಯಾರು ಉತ್ತರಿಸುತ್ತಿದ್ದಾರೆ ಎಂಬುದೇ ಮರೆತು ಹೋಗುವ ಹಾಗೆ.

ಅಕ್ಷರಗಳ ಅರ್ಥ ಕೇಳಿದಾಗ ಅವರು ಮನೆಯ ಲೆಕ್ಕದಲ್ಲಿಯೇ ಹೇಳಿದರು: "ವೈ ಅಂದರೆ ಮನೆಯವರು, ಯಾವಾಗಲೂ ಒಳಗೇ. ಎಮ್ ಅಂದರೆ ನೆಂಟರು. ಕರೆದಾಗ ಬರಬೇಕು, ಕೆಲಸ ಆದ ಮೇಲೆ ಹೊರಡಬೇಕು. ಎನ್ ಅಂದರೆ ಬಾಗಿಲು ಹಾಕಿದೆ, ಕ್ಷಮಿಸಿ."

"ಪ್ರಿಂಟರ್?"

"ನೆಂಟ. ಪೋರ್ಟು ಒಂದೇ ಇರುವುದು. ಅವನನ್ನು ಒಳಗೇ ಇಟ್ಟುಕೊಂಡರೆ ಚಾಪೆ ಬಿಟ್ಟು ಏಳುವುದಿಲ್ಲ. ಜಿಪ್ ಡ್ರೈವ್ ಪಾಪ ಹೊರಗೇ ನಿಲ್ತದೆ."

"ನಮ್ಮ ದೊಡ್ಡ ಭಾವನ ಹಾಗೆ," ಎಂದೆ. ಸಿಸ್ಟರ್ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಆ ಕನ್ನಡಕದಿಂದ ಅವರಿಗೆ ಏನೂ ಪ್ರಯೋಜನವಿರಲಿಲ್ಲ. ಆದರೂ ದಿನಾ ಒರೆಸುತ್ತಿದ್ದರು.

ಪ್ರಶ್ನೆಗಳು ಮುಗಿದ ಮೇಲೆ ಯಂತ್ರ ತನ್ನಷ್ಟಕ್ಕೆ ಕರ್ನೆಲ್ ಕಟ್ಟಲು ಕೂರುತ್ತಿತ್ತು. ಹಳೆಯ ಯಂತ್ರ, ತುಂಬ ಹೊತ್ತು ಹಿಡಿಯುತ್ತಿತ್ತು. ಸಾಲುಗಳು ಕೆಳಗಿನಿಂದ ಮೇಲಕ್ಕೆ ಹರಿಯುತ್ತಲೇ ಇರುತ್ತಿದ್ದವು. ನಾನು ಅರ್ಥವಾಗದೆ ಅವನ್ನು ನೋಡುತ್ತ, ಮುಂಗಾರಿನ ಮೊದಲ ದಿನಗಳಲ್ಲಿ ಗದ್ದೆಯ ತೋಡಿನ ನೀರು ನೋಡುತ್ತ ಕೂರುವ ಹಾಗೆ ಕೂರುತ್ತಿದ್ದೆ. ಸಿಸ್ಟರ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಲೋಟದ ಅಂಚಿಗೆ ಒಂದು ಬೆರಳು ಇಟ್ಟು, ಕಾಫಿ ಬೆರಳಿಗೆ ಬಿಸಿ ತಾಗಿದಾಗ ನಿಲ್ಲಿಸುತ್ತಿದ್ದರು. ಒಂದು ಹನಿ ಚೆಲ್ಲಿದ್ದು ನಾನು ಕಾಣೆ. ಒಂದು ದಿನ, ಯಂತ್ರಗಳಿಗೆ ಹೆಸರಿಡಬೇಕಂತೆ ಎಂದು ನನ್ನನ್ನು ಕೇಳಿದರು. ನಾನು ತಂದ ಹೂವಿನ ಚೆಂಡು ಮೇಜಿನ ಮೇಲಿತ್ತು. ನಾನು ಯೋಚಿಸುವಷ್ಟರಲ್ಲಿ ಅವರೇ ಅದರ ಪರಿಮಳದ ಕಡೆ ತಿರುಗಿ, "ಹೇಳುವುದೆಂತ, ಇದಕ್ಕೆ ಮಲ್ಲಿಗೆ. ಉಳಿದದ್ದಕ್ಕೆ ಅಬ್ಬಲಿಗೆ, ಸೇವಂತಿಗೆ, ನೀನು ನೋಡಿಕೋ" ಎಂದರು. ಅಂದಿನಿಂದ ಆ ಮೊದಲ ಯಂತ್ರವನ್ನು ಹಚ್ಚಿದಾಗೆಲ್ಲ ಪರದೆಯಲ್ಲಿ ಮೊದಲು ಬರುವುದೇ ಮಲ್ಲಿಗೆ ಎಂಬ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ.

ಆದರೆ ಡ್ರೈವ್ ಮಾತ್ರ ಏಳಲಿಲ್ಲ. ಮತ್ತೆ ಮತ್ತೆ ಕಟ್ಟಿದೆವು. ಪ್ರತಿ ಸಲವೂ ಯಂತ್ರ, ಅಂಥದ್ದೊಂದು ವಸ್ತು ಇಲ್ಲಿ ಇಲ್ಲವೇ ಇಲ್ಲ ಎನ್ನುತ್ತಿತ್ತು. ಸಿಸ್ಟರ್ ಪೋರ್ಟಿನ ವೇಗ ಬದಲಿಸಿದರು, ಪ್ರಿಂಟರ್ ಕಿತ್ತಿಟ್ಟರು, ಸ್ಕ್ರೂಡ್ರೈವರಿನಿಂದ ಕೇಬಲ್ಲಿನ ತಿರುಪುಗಳನ್ನು ತಡವಿ ತಡವಿ ಬಿಗಿದರು. ಅವರು ತಲೆಯಲ್ಲಿಟ್ಟುಕೊಂಡಿದ್ದ ಪುಸ್ತಕಗಳಲ್ಲೆಲ್ಲ ಜಿಪ್ ಡ್ರೈವನ್ನು ನಡೆಸಲು ಪಿಪಿಎ ಎಂಬ ಡ್ರೈವರ್ ತಂತ್ರಾಂಶ ಬೇಕು ಎಂದಿತ್ತು. ಆ ಪ್ರಶ್ನೆ ಬಂದಾಗ ನಾನು ಓದಿ ಮುಗಿಸುವ ಮೊದಲೇ ಅವರು ಎಮ್ ಎನ್ನುತ್ತಿದ್ದರು. ಮೇ ತಿಂಗಳು ಕಳೆಯುತ್ತ ಬಂತು. ಮದರ್ ಬರುವುದಕ್ಕೆ ಇನ್ನೆಷ್ಟು ದಿನ ಉಂಟು ಎಂದು ಅವರು ನನ್ನಿಂದ ಕ್ಯಾಲೆಂಡರ್ ಓದಿಸಿದರು.

ಆ ದಿನ ಅವರು ಪ್ರಾರ್ಥನೆಗೆಂದು ಚಾಪೆಲ್ಲಿಗೆ ಹೋಗಿದ್ದರು. ನಾನು ಸುಮ್ಮನೆ ಕೂರಲಾರದೆ ಮೇಜು ಒರೆಸಿದೆ. ಕೇಬಲ್ಲಿನ ತುದಿಯ ಪ್ಲಗ್ಗಿನಲ್ಲಿ ಧೂಳು ಕೂತಿತ್ತು. ಸೆರಗಿನ ತುದಿಯಿಂದ ತಿಕ್ಕಿದಾಗ ಬೂದು ಪ್ಲಾಸ್ಟಿಕ್ಕಿನಲ್ಲಿ ಇರುವೆಯ ಸಾಲಿನಂಥ ಅಕ್ಷರಗಳು ಎದ್ದು ಕಂಡವು. ಅವರು ಬಂದ ಮೇಲೆ, "ಸಿಸ್ಟರ್, ಇದರ ಮೇಲೆ ಆಟೋಡಿಟೆಕ್ಟ್ ಅಂತ ಬರೆದಿದೆ. ಓದುವುದೇ ನನ್ನ ಕೆಲಸ ಅಲ್ವಾ, ಅದಕ್ಕೆ ಹೇಳಿದೆ" ಎಂದೆ.

ಅವರು ನಿಂತಲ್ಲೇ ನಿಂತರು. "ಪಿಪಿಎ ಪ್ರಶ್ನೆಗೆ ಹೋಗು. ಉತ್ತರ ಕೊಡಬೇಡ. ಪ್ರಶ್ನಾರ್ಥಕ ಚಿಹ್ನೆ ಒತ್ತು. ಅದು ವಿವರ ಹೇಳ್ತದೆ."

ಒತ್ತಿದೆ. ವಿವರ ಬಂತು. ನಿಧಾನವಾಗಿ ಓದಿದೆ. ನಿಮ್ಮ ಡ್ರೈವಿನ ಕೇಬಲ್ಲಿನ ಮೇಲೆ ಆಟೋಡಿಟೆಕ್ಟ್ ಎಂದು ಬರೆದಿದ್ದರೆ ಅದು ಹೊಸ ಬಗೆಯದು, ಇಲ್ಲಿ ಎನ್ ಎಂದು ಹೇಳಿ, ಇದರ ಮುಂದಿನ ಐಎಂಎಂ ಎಂಬ ಪ್ರಶ್ನೆಗೆ ಹೌದೆನ್ನಿ ಎಂದಿತ್ತು.

ಅದು ಅಲ್ಲಿ ಮೊದಲ ದಿನದಿಂದಲೂ ಇತ್ತು.

ಸಿಸ್ಟರ್ ಕುರ್ಚಿಗೆ ಕೈ ಊರಿ ಕೂತರು. "ಕಣ್ಣು ಇದ್ದಾಗಲೂ ನಾನು ಇದನ್ನು ಓದಲಿಲ್ಲ, ಬಾಯೆ. ಗೊತ್ತುಂಟು ಅಂತ ದಾಟಿದ್ದು," ಎಂದರು. ಆಮೇಲೆ ಹುಡುಗಿಯ ಹಾಗೆ ಕೈ ಉಜ್ಜಿಕೊಂಡು, "ಎನ್ ಹಾಕು. ಮುಂದಿನದಕ್ಕೆ ಎಮ್. ಹಾಕು ಹಾಕು" ಎಂದರು.

ಮಾರನೆಯ ಮಧ್ಯಾಹ್ನ ನೀಲಿ ಪೆಟ್ಟಿಗೆಯ ಹಸಿರು ದೀಪ ಮಿನುಗಿ, ಒಳಗಿನಿಂದ ಸಣ್ಣ ಗುರುಗುಟ್ಟುವಿಕೆ ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರ್ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಆ ಸದ್ದನ್ನು ಪೂರ್ತಿ ಕೇಳಬೇಕಾಗಿತ್ತು ಅವರಿಗೆ. ಹೊಸ ಕರ್ನೆಲ್ಲನ್ನು ಫ್ಲಾಪಿಯಲ್ಲಿ ಹಾಕಿಕೊಂಡು, ಒಂದೊಂದೇ ಯಂತ್ರದ ಬೆನ್ನಿಗೆ ಡ್ರೈವ್ ಹಚ್ಚುತ್ತ ಹೋದೆವು. ಅಬ್ಬಲಿಗೆ ಎದ್ದಿತು, ಸೇವಂತಿಗೆ ಎದ್ದಿತು. ಮಳೆ ಬರುವುದರೊಳಗೆ ಕೋಣೆ ತುಂಬ ಹೂವಿನ ಹೆಸರು.

ಶಾಲೆ ತೆರೆಯುವ ಮುನ್ನಾದಿನ ಪ್ರಾಂತ್ಯದ ಮದರ್ ಬಂದರು. ಎತ್ತರದ ನಿಲುವು, ಮೃದು ಮಾತು. ಟೀಚರುಗಳೆಲ್ಲ ಬಾಗಿಲಲ್ಲಿ ನಿಂತಿದ್ದರು, ನಾನು ಅವರ ಹಿಂದೆ. ಮದರ್ ಎಲ್ಲ ಯಂತ್ರಗಳನ್ನೂ ನೋಡಿದರು, ಸಂತೋಷಪಟ್ಟರು. ಕೊನೆಗೆ ಸಿಸ್ಟರ್ ಕೂತಿದ್ದ ಮಲ್ಲಿಗೆಯ ಬಳಿ ಬಂದು, ಪರದೆಯಲ್ಲಿದ್ದ ಒಂದೇ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಸಿಸ್ಟರ್, ಈ ಸಾಲಿನಲ್ಲಿ ಎಂತ ಬರೆದಿದೆ, ಓದಿ ನೋಡುವಾ."

ನನ್ನ ಎದೆ ಹಗುರಾಯಿತು. ಅಲ್ಲಿ ಇದ್ದದ್ದು ಮಲ್ಲಿಗೆ ಎಂಬ ಆ ಹೆಸರೇ. ಹಚ್ಚಿದೊಡನೆ ಬೇರೇನೂ ಬರುವುದಿಲ್ಲ ಎಂದು ಸಿಸ್ಟರಿಗೆ ಗೊತ್ತು.

ಅವರು ಪರದೆಯ ಕಡೆ ತಿರುಗಿದರು. ಬೆಳಕು ಅವರ ಕನ್ನಡಕದ ಮೇಲೆ ಬಿದ್ದಿತ್ತು. ಅದನ್ನು ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಅವಸರ ಇಲ್ಲ," ಎಂದರು ಮದರ್.

"ಎಂತ ಇರಬೇಕು ಅಂತ ಗೊತ್ತುಂಟು, ಮದರ್. ಆದರೆ ನನಗೆ ಕಾಣುವುದಿಲ್ಲ. ಇದೆಲ್ಲ ಓದಿದ್ದು ಆ ಬಾಗಿಲಲ್ಲಿ ನಿಂತಿರುವ ಹುಡುಗಿ. ಕ್ಲಾಸನ್ನು ಅವಳಿಗೆ ಕೊಡಿ."

ಟೀಚರುಗಳು ತಿರುಗಿ ನನ್ನನ್ನು ನೋಡಿದರು. ಮದುವೆಯಾಗಿ ವರ್ಷಗಳೇ ಆಗಿದ್ದ ನನ್ನನ್ನು ಹುಡುಗಿ ಎಂದು ಕರೆಯುವವರು ಬೇರೆ ಯಾರೂ ಉಳಿದಿರಲಿಲ್ಲ.

ಸಂಜೆ ಜಗಲಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಹೇಳಿಬಿಡಬಹುದಿತ್ತಲ್ಲ, ಸಿಸ್ಟರ್? ಒಂದು ಹೆಸರು!"

"ಆ ಕೇಬಲ್ಲಿನ ಕಥೆ ಮರೆತೆಯಾ? ಗೊತ್ತುಂಟು ಅಂತ ಓದದೆ ದಾಟಿದ್ದಕ್ಕೆ ಬೇಸಗೆಯೇ ಹೋಯಿತು. ನಾಳೆ ಮಕ್ಕಳಿಗೆ ನಾನು ಅದನ್ನೇ ಕಲಿಸಲಿಕ್ಕುಂಟಾ?" ಎಂದು ನನ್ನ ಬೆನ್ನು ತಟ್ಟಿದರು. ಸ್ವರದಲ್ಲಿ ಬೇಸರ ಇರಲಿಲ್ಲ. ವಾರದೊಳಗೆ ಉಡುಪಿಗೆ ಹೋದರು.

ನಾನು ಹಲವು ವರ್ಷ, ಹೂ ಕಟ್ಟಿ ಮುಗಿಸಿ, ವಾರಕ್ಕೆರಡು ದಿನ ಆ ಲ್ಯಾಬಿಗೆ ಹೋದೆ. ಪದವಿ ಓದಿದ ಟೀಚರ್ ಸಿಗುವವರೆಗೆ ಎಂದಿದ್ದರು. ಅವರು ಸಿಗುವಷ್ಟರಲ್ಲಿ ನನ್ನ ಕ್ಲಾಸಿನ ಮಕ್ಕಳೇ ಕಾಲೇಜು ಮುಗಿಸಿದ್ದರು. ಉತ್ತರ ಗೊತ್ತಿದ್ದರೂ ಪ್ರಶ್ನೆಯನ್ನು ಪೂರ್ತಿ ಓದಿ ಎಂದು ಅವರಿಗೆ ಹೇಳುತ್ತಿದ್ದೆ. ಮೊದಲ ಸಲ ಒಬ್ಬಳು ಹುಡುಗಿ ನನ್ನನ್ನು ಟೀಚರ್ ಎಂದು ಕರೆದಾಗ, ಬೇರೆ ಯಾರೋ ಬಂದರೆಂದು ಹಿಂತಿರುಗಿ ನೋಡಿದ್ದೆ. ರಜೆಯಲ್ಲಿ ಉಡುಪಿಗೆ ಹೋಗಿ ಸಿಸ್ಟರಿಗೆ ಮಕ್ಕಳ ಸುದ್ದಿ ಹೇಳಿ ಬರುತ್ತಿದ್ದೆ. ಅವರು ಒಬ್ಬೊಬ್ಬಳ ಹೆಸರು ಕೇಳಿ, ಅವಳು ಮಾಡಿದ ತಪ್ಪು ಕೇಳಿ, ನಗುತ್ತಿದ್ದರು.

ಹೊಸ ಕಂಪ್ಯೂಟರುಗಳ ಬೆನ್ನಿನಲ್ಲಿ ಆ ಅಗಲದ ಪೋರ್ಟೇ ಇಲ್ಲವಾದ ಕಾಲಕ್ಕೆ, ಒಂದು ಮಳೆಗಾಲದಲ್ಲಿ, ಅವರು ನಿದ್ದೆಯಲ್ಲೇ ಹೋದರು. ಮಣ್ಣು ಹಾಕಿ ಬರುವಾಗ ಕೊಡೆಯ ಕೆಳಗೆ ನನ್ನ ಪಕ್ಕದಲ್ಲಿ ನಡೆದವರು ಆ ಮದರ್. ಅವರಿಗೂ ವಯಸ್ಸಾಗಿತ್ತು. ಅವರೂ ಈಗ ಅದೇ ವಿಶ್ರಾಂತಿ ಮನೆಯಲ್ಲಿದ್ದರು.

"ಆ ದಿನ ನಾನು ಬೇಕೆಂದೇ ಆ ಸಾಲು ತೋರಿಸಿದ್ದು," ಎಂದರು ಅವರು, ನಾನು ಕೇಳದೆಯೇ. "ಹೆಸರಿಟ್ಟದ್ದು ಅವರೇ ಅಂತ ಟೀಚರುಗಳು ಹೇಳಿದ್ದರು. ಎಲ್ಲರ ಎದುರು ಅವರು ಹೇಳಿಬಿಡಲಿ, ನಾನು ಒಪ್ಪಿಬಿಡ್ತೇನೆ, ಶಾಲೆಯಲ್ಲೇ ಇರಲಿ ಅಂತ ನನಗಿತ್ತು. ಕಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲವಾ?"

"ಅದನ್ನು ಅವರಿಗೆ ಹೇಳಿದಿರಾ, ಮದರ್?"

"ಕಳೆದ ವರ್ಷ ಹೇಳಿದೆ. ಅದಕ್ಕೆ ಅವರು ಹೇಳಿದರು, 'ಅಷ್ಟು ಸುಲಭದ್ದು ಕೇಳಬಾರದಿತ್ತು ಮದರ್. ಹೆಸರು ನಾಲಗೆಯ ತುದಿಗೆ ಬಂದಿತ್ತು. ನುಂಗಲಿಕ್ಕೆ ಬಹಳ ಕಷ್ಟ ಆಯಿತು' ಅಂತ."

ಮಳೆ ಜೋರಾಯಿತು. ಮದರ್ ನನ್ನ ತೋಳು ಹಿಡಿದುಕೊಂಡರು. ಆ ಹೆಸರು ಹೇಳದೆ ಬಿಡುವುದು ಸಿಸ್ಟರಿಗೆ ಸುಲಭವಾಗಿತ್ತೆಂದೇ ನಾನು ಅಷ್ಟು ವರ್ಷವೂ ತಿಳಿದುಕೊಂಡಿದ್ದೆ.