ದಾನಪ್ಪನಿಗೆ ನಾನು ಕಲಿಸಿದ್ದು

ಚರ್ಚಿನಲ್ಲಿ ಪ್ರಸಂಗಕ್ಕೆ ನಿಂತ ಕೂಡಲೇ ಎರಡು ಸಲ ಕೆಮ್ಮುವುದು ನನ್ನ ಚಟ. ಗಂಟಲಲ್ಲಿ ಕಫವೇನೂ ಇರುವುದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಸಭಾಪಾಲಕನಾಗಿದ್ದ ನನಗೆ ಈ ಕೆಮ್ಮು ಯಾವಾಗ ಅಂಟಿಕೊಂಡಿತೋ ಗೊತ್ತಿಲ್ಲ. ಮೊದಲ ಕೆಮ್ಮಿಗೆ ಹಿಂದಿನ ಬೆಂಚಿನವರು ಮಾತು ನಿಲ್ಲಿಸುತ್ತಿದ್ದರು, ಎರಡನೆಯದಕ್ಕೆ ಮುಂದಿನ ಬೆಂಚಿನ ಹಿರಿಯರು ನಿದ್ದೆಗೆ ಅನುಕೂಲವಾಗುವಂತೆ ಗೋಡೆಗೆ ಒರಗುತ್ತಿದ್ದರು. ಒಂದು ಕೆಮ್ಮಿನಿಂದ ಇಷ್ಟೆಲ್ಲ ಕೆಲಸ ಆಗುವಾಗ ಬಿಡುವುದೇಕೆಂದು ಇಟ್ಟುಕೊಂಡಿದ್ದೆ. ಕೆಲವು ವರ್ಷಗಳ ಹಿಂದೆ ಬಾದಾಮಿಯ ಸಭೆಯಲ್ಲಿ ಆರಾಧನೆಗೆ ಹೋಗಿ ಕುಳಿತಾಗ ಅದೇ ಕೆಮ್ಮು, ಅಷ್ಟೇ ಅಂತರದಲ್ಲಿ ಎರಡು ಸಲ, ಬೇರೆಯವನ ಗಂಟಲಿನಿಂದ ಕೇಳಿಸಿತು. ಕೆಮ್ಮಿದವನು ದಾನಪ್ಪ. ಅವನಿಗೆ ಸಭಾಪಾಲನೆ ಕಲಿಸಿದವನು ನಾನು. ಹೆಂಗಸರ ಸಾಲಿನಲ್ಲಿದ್ದ ನನ್ನ ಹೆಂಡತಿ ಎಸ್ತರ್ ನನ್ನ ಕಡೆ ತಿರುಗಿ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ನಾನು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ಸಭಾಪಾಲಕನಾಗುವುದನ್ನು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ನನ್ನ ಕಾಲದಲ್ಲಿ ಒಂದೇ ಉತ್ತರವಿತ್ತು. ದೂರದ ಊರಿನ ಬೈಬಲ್ ಶಾಲೆಗೆ ಹೋಗಬೇಕು, ವರ್ಷಗಟ್ಟಲೆ ಓದಬೇಕು, ಕಪ್ಪು ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಬೇಕು. ನಾನೂ ಹಾಗೇ ಮಾಡಿದೆ. ಬೈಬಲ್ಲಿನ ಮೂಲಭಾಷೆ ಗ್ರೀಕಿನ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಕೊಂಡು ಹುನಗುಂದಕ್ಕೆ ಬಂದಿಳಿದೆ. ಬಂದ ವಾರವೇ ಒಬ್ಬ ಅಜ್ಜಿ ತನ್ನ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿದೆ, ಬಂದು ಪ್ರಾರ್ಥನೆ ಮಾಡಬೇಕು ಎಂದು ಕರೆದೊಯ್ದಳು. ಕೈಯನ್ನು ಎಮ್ಮೆಯ ತಲೆಯ ಮೇಲಿಡಬೇಕೋ ಅಜ್ಜಿಯ ತಲೆಯ ಮೇಲಿಡಬೇಕೋ ತಿಳಿಯದೆ ನಿಂತೆ. ಗ್ರೀಕು ಅಲ್ಲಿ ಕೈಕೊಟ್ಟಿತು.

ಆಮೇಲೆ ನಮ್ಮ ಸಭೆಗಳನ್ನು ನಡೆಸುವ ಹಿರಿಯರಿಗೂ ಇದು ಹೊಳೆಯಿತು. ಸಂಸಾರವಿರುವವರು, ಕಸಬಿನಲ್ಲಿರುವವರು ಈ ಸೇವೆಗೆ ಬರಲು ಮನಸ್ಸು ಮಾಡಿದರೆ ಅವರನ್ನು ದೂರದ ಶಾಲೆಗೆ ಅಟ್ಟುವ ಬದಲು ಅನುಭವಸ್ಥ ಸಭಾಪಾಲಕನ ಕೈಯಲ್ಲಿ ಎರಡು ವರ್ಷ ಇಡುವುದು, ಅವನ ಜೊತೆ ತಿರುಗಿ, ಅವನು ಮಾಡುವುದನ್ನು ನೋಡಿ ಕಲಿಯಲಿ ಎಂದು ಗೊತ್ತುಮಾಡಿದರು. ಹೊಸ ಪದ್ಧತಿ ಎಂದು ಹೇಳಿದರೂ ಇದಕ್ಕಿಂತ ಹಳೆಯದು ಇನ್ನೊಂದಿಲ್ಲ. ನಮ್ಮ ಸ್ವಾಮಿಯೂ ಶಿಲುಬೆಗೇರುವ ಮೊದಲು ಹನ್ನೆರಡು ಮಂದಿ ಶಿಷ್ಯರನ್ನು ಕಟ್ಟಿಕೊಂಡು ಊರೂರು ನಡೆದೇ ಕಲಿಸಿದ್ದು. ಒಬ್ಬನೂ ನೋಟ್ಸ್ ಬರೆದುಕೊಳ್ಳಲಿಲ್ಲ. ಪರೀಕ್ಷೆಯ ದಿನ ಒಬ್ಬ ಗುರುವನ್ನೇ ಮಾರಿದ, ಇನ್ನೊಬ್ಬ ಅವರಾರೋ ನನಗೆ ಗೊತ್ತಿಲ್ಲ ಎಂದ, ಉಳಿದವರು ಓಡಿಹೋದರು. ಆ ಫಲಿತಾಂಶಕ್ಕೆ ಇಂದಿನ ಯಾವ ಸಮಿತಿಯೂ ಮಾನ್ಯತೆ ಕೊಡುವುದಿಲ್ಲ. ನಮ್ಮ ಕಡೆಯ ಮಠಗಳಲ್ಲಿಯೂ ಹಿರಿಯ ಸ್ವಾಮಿಗಳು ಒಬ್ಬರನ್ನು ‘ಮರಿ’ ಮಾಡಿಕೊಂಡು ಪಕ್ಕದಲ್ಲಿಟ್ಟುಕೊಂಡೇ ತಯಾರು ಮಾಡುವುದು. ಆದ್ದರಿಂದ ದಾನಪ್ಪ ನನ್ನ ಬೈಕಿನ ಹಿಂದೆ ಕೂತು ಓಡಾಡತೊಡಗಿದ ಮೇಲೆ ಹುನಗುಂದದ ಬಸ್ ಸ್ಟ್ಯಾಂಡಿನ ಚಹಾದಂಗಡಿಯವರಿಗೆ ಅವನನ್ನು ಏನೆಂದು ಕರೆಯಬೇಕೆಂಬ ತೊಂದರೆ ಬರಲಿಲ್ಲ. ‘ಪಾಸ್ಟರ್ ಮರಿ’ ಎಂದು ಹೆಸರಿಟ್ಟರು.

ಮರಿಗೆ ಆಗ ಮೂವತ್ತೈದು ವರ್ಷ. ಇಳಕಲ್ಲಿನ ನೇಕಾರ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅಪ್ಪನ ಪಕ್ಕ ಕೂತು ಸೀರೆ ನೇಯುವುದನ್ನು ಕಲಿತವನು. ‘ನಿಮ್ಮಪ್ಪ ಹೆಂಗ ಕಲಿಸಿದ?’ ಎಂದು ಒಮ್ಮೆ ಕೇಳಿದೆ. ‘ಏನೂ ಕಲಸಲಿಲ್ರಿ ಅಯ್ಯನೋರ. ಎಳಿ ಹರದ್ರ ನನ್ನ ಕಡೆ ನೋಡತಿದ್ದ, ಅಷ್ಟ’ ಎಂದ. ಮಾತು ಕಡಿಮೆ. ನನಗೆ ಅದೊಂದು ಕೊರತೆಯಾಗಿ ಕಂಡಿತು. ನೇಕಾರನಿಗೆ ನಡೆದೀತು, ಸಭಾಪಾಲಕನಿಗೆ ಹೇಗೆ ನಡೆಯುತ್ತದೆ?

ಅಂತೂ ಕಲಿಸಲು ಕುಳಿತೆ. ಯಾವ ಪ್ರಸಂಗಕ್ಕಾದರೂ ಮೂರು ಅಂಶ ಇರಬೇಕು, ಮೂರೂ ಒಂದೇ ಅಕ್ಷರದಿಂದ ಶುರುವಾದರೆ ಜನ ನೆನಪಿಡುತ್ತಾರೆ ಎಂದು ಹೇಳಿಕೊಟ್ಟೆ. ಶನಿವಾರ ಸಂಜೆ ಖಾಲಿ ದೇವಾಲಯದಲ್ಲಿ ಅವನನ್ನು ನಿಲ್ಲಿಸಿ ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡಿಸುತ್ತಿದ್ದೆ. ಎಸ್ತರ್ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ದಾನಪ್ಪನ ಸಂಸಾರ ನಮ್ಮ ಹಿತ್ತಲಿನ ಎರಡು ಕೋಣೆಯಲ್ಲಿತ್ತಾದರೂ ಅವನ ಊಟ ಹೆಚ್ಚಾಗಿ ನಮ್ಮ ಅಡಿಗೆಮನೆಯಲ್ಲೇ ಆಗುತ್ತಿತ್ತು. ಎಸ್ತರ್ ಬಿಸಿ ರೊಟ್ಟಿ ಬಡಿದು ಹಾಕುತ್ತ ಅವನಿಗೆ ಇನ್ನೊಂದು, ಇನ್ನೊಂದು ಎನ್ನುತ್ತಿದ್ದಳು. ಒಂದು ಶನಿವಾರ, ಅವನ ಪ್ರಸಂಗ ಮುಗಿದ ಮೇಲೆ, ಹೇಗಿತ್ತೆಂದು ಅವಳನ್ನು ಕೇಳಿದೆ.

‘ಛಲೋ ಆತು’ ಎಂದಳು. ‘ಆದ್ರ ನೀವ ಮಾಡಿದಂಗಾತು.’

ನಾನು ಅದನ್ನು ಹೊಗಳಿಕೆಯೆಂದು ತೆಗೆದುಕೊಂಡೆ.

ಈಗ ಪಕ್ಕದ ಹಳ್ಳಿ ರಾಮಥಾಳಕ್ಕೆ ಹೋದ ದಿನದ ವಿಷಯ. ಅಲ್ಲಿ ನಮ್ಮ ಸಭೆಯ ಮರಿಯವ್ವ ಎಂಬಾಕೆಯ ಮಗ ಹೆದ್ದಾರಿಯಲ್ಲಿ ಲಾರಿ ಬಡಿದು ತೀರಿಹೋದ. ಒಬ್ಬನೇ ಮಗ. ಮಣ್ಣು ಮಾಡಿ ಮೂರನೆಯ ದಿನ ಮಧ್ಯಾಹ್ನ ನಾವಿಬ್ಬರೂ ಹೋದೆವು. ಮರಿಯವ್ವ ಗೋಡೆಗೆ ಒರಗಿ ಕೂತಿದ್ದಳು. ನಾನು ಕುರ್ಚಿಯಲ್ಲಿ ಕುಳಿತು, ಸತ್ಯವೇದ ತೆರೆದು, ಪುನರುತ್ಥಾನದ ಕುರಿತು ಮಾತಾಡಿದೆ. ಮೂರು ಅಂಶ. ಚೆನ್ನಾಗಿಯೇ ಮಾತಾಡಿದೆನೆಂದು ಅನಿಸಿತು. ಪ್ರಾರ್ಥನೆ ಮಾಡಿ ಕಣ್ಣು ತೆರೆದರೆ ದಾನಪ್ಪ ನನ್ನ ಪಕ್ಕದ ಕುರ್ಚಿಯಲ್ಲಿರಲಿಲ್ಲ. ನೆಲದ ಮೇಲೆ, ಮರಿಯವ್ವನ ಬದಿಯಲ್ಲಿ, ಅವಳಂತೆಯೇ ಗೋಡೆಗೆ ಒರಗಿ ಕೂತಿದ್ದ. ಒಂದು ಮಾತೂ ಆಡಲಿಲ್ಲ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಹಿತ್ತಲಿನಲ್ಲಿ ಕಟ್ಟಿದ್ದ ಆಕಳು ಒದರುತ್ತಿದ್ದುದನ್ನು ಕೇಳಿ, ಅದಕ್ಕೆ ನೀರು ಕುಡಿಸಿ, ಮೇವು ಹಾಕಿ, ಮತ್ತೆ ಬಂದು ಅದೇ ಜಾಗದಲ್ಲಿ ಕೂತ. ಮೂರು ದಿನದಿಂದ ಬಾಯಿ ಬಿಡದಿದ್ದ ಮರಿಯವ್ವ ಆಗ ಅವನ ಕಡೆ ತಿರುಗಿ, ‘ದಿನಾ ಅವನ ನೀರು ಹಾಕ್ತಿದ್ದಪ್ಪ ಅದಕ್ಕ’ ಎಂದಳು. ಆಮೇಲೆ ಅಳತೊಡಗಿದಳು. ಆಮೇಲೆ ಮಗನ ಬಗ್ಗೆ ಹೇಳತೊಡಗಿದಳು. ದಾನಪ್ಪ ಕೇಳುತ್ತ ಕೂತ. ನಾನು ಕುರ್ಚಿಯಲ್ಲಿ ಕೂತು ಏನು ಮಾಡಬೇಕೋ ತಿಳಿಯದೆ ಕನ್ನಡಕ ಒರೆಸಿದೆ.

ವಾಪಸು ಬರುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ ಅವನನ್ನು ಬೈದೆ.

‘ಸಭಾಪಾಲಕ ಅನ್ನಾಂವ ಸತ್ತ ಮನಿಗೆ ಹೋಗಿ ಮೂಗನಂಗ ಕುಂತ್ರ ಜನ ಏನಂತಾರ? ನಿನಗೂ ನೆರಿಮನಿಯವ್ರಿಗೂ ಏನ ಫರಕ?’

‘ಏನ ಮಾತಾಡಬೇಕು ತಿಳೀಲಿಲ್ರಿ ಅಯ್ಯನೋರ.’

‘ತಿಳೀದಿದ್ರ ಕಲಿ. ಅದಕ್ಕ ಅಲ್ಲೇನ ನೀ ಬಂದಿದ್ದು? ಅಳೂದು ಯಾರಿಗರ ಬರ್ತೈತಿ.’

ಅವನು ತಲೆ ತಗ್ಗಿಸಿ ‘ಹೂನ್ರಿ’ ಎಂದ. ನಾನು ಬೈಕು ಚಾಲೂ ಮಾಡಿದೆ.

ಓದುಗರೇ, ಇಲ್ಲಿಯವರೆಗೆ ಇದನ್ನು ಒಬ್ಬ ಗುರುವಿನ ದಡ್ಡತನವೆಂದು ತಿಳಿದು ಕ್ಷಮಿಸಬಹುದು. ನಾನೂ ಬಹಳ ದಿನ ಹಾಗೆಯೇ ಕ್ಷಮಿಸಿಕೊಂಡಿದ್ದೆ. ಆದರೆ ಮುಂದಿನ ವಾರ ನಡೆದದ್ದನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ. ಆ ವಾರ ನಾನೊಬ್ಬನೇ ರಾಮಥಾಳಕ್ಕೆ ಹೋದೆ. ಮರಿಯವ್ವ ಬಾಗಿಲಿಗೆ ಬಂದು, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ರಸ್ತೆ ನೋಡಿ, ‘ಸಣ್ಣ ಅಯ್ಯನೋರ ಬರಲಿಲ್ಲೇನ್ರಿ?’ ಎಂದು ಕೇಳಿದಳು. ಅಷ್ಟೇ. ಆ ಪ್ರಶ್ನೆ ಎದೆಯಲ್ಲಿ ಜಾಲಿಮುಳ್ಳಿನಂತೆ ನೆಟ್ಟಿತು. ಆಕೆಯ ಮದುವೆ ಮಾಡಿದವನು ನಾನು, ಮಗನಿಗೆ ದೀಕ್ಷಾಸ್ನಾನ ಕೊಟ್ಟವನು ನಾನು, ಮಣ್ಣು ಮಾಡಿದವನೂ ನಾನೇ. ಬೇಕಾದವರು ಮಾತ್ರ ಸಣ್ಣ ಅಯ್ಯನವರು. ಅಂದಿನಿಂದ ಸತ್ತ ಮನೆಗಳಿಗೆ ದಾನಪ್ಪನನ್ನು ಕರೆದೊಯ್ಯುವುದನ್ನು ಬಿಟ್ಟೆ. ಮನೆಯಲ್ಲಿ ಕೂತು ಪ್ರಾರ್ಥನೆಗಳನ್ನು ಬರೆದು ಬಾಯಿಪಾಠ ಮಾಡಲು ಹೇಳಿದೆ: ಸಾವಿಗೊಂದು, ಕಾಯಿಲೆಗೊಂದು, ಹೊಸ ಅಂಗಡಿಗೊಂದು, ಮಕ್ಕಳಾಗದವರಿಗೊಂದು. ಅವನ ಮಾತು ಬಲಿಯುವವರೆಗೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಮಾತೆಂದರೆ ಅದು ಹೊಟ್ಟೆಕಿಚ್ಚು. ಸತ್ಯವೇದ ಹಿಡಿದು ಆ ಪಾಪದ ಮೇಲೆ ನಾನು ಮಾಡಿದಷ್ಟು ಪ್ರಸಂಗಗಳನ್ನು ಈ ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಿರಲಿಕ್ಕಿಲ್ಲ.

ದಾನಪ್ಪ ಕಲಿತ. ನೇಕಾರರ ತಾಳ್ಮೆ, ಏನು ಹೇಳಿದರೂ ಕಲಿಯುತ್ತಿದ್ದ. ಎರಡು ವರ್ಷ ಮುಗಿದಾಗ ಹಿರಿಯರಿಗೆ ಕಳಿಸಿದ ವರದಿಯಲ್ಲಿ ‘ಮಾತಿನಲ್ಲಿ ಬಹಳ ಸುಧಾರಣೆಯಾಗಿದೆ’ ಎಂದು ನಾನೇ ಬರೆದೆ. ಬಾದಾಮಿಯ ಸಭೆ ಸಿಕ್ಕಿತು, ಹೆಸರೂ ಬಂತು. ಬಾಗಲಕೋಟೆಯ ಕೂಟಗಳಿಗೆ ಅವನನ್ನು ಕರೆಸತೊಡಗಿದರು. ‘ನಿಮ್ಮ ಶಿಷ್ಯ ಭಾಳ ಛಂದ ಮಾತಾಡ್ತಾನ್ರಿ’ ಎಂದು ಯಾರಾದರೂ ಅಂದರೆ ನಾನು ವಿನಯದಿಂದ ಕೆಮ್ಮುತ್ತಿದ್ದೆ.

ನಿವೃತ್ತನಾಗಿ ಬಾಗಲಕೋಟೆಯ ನವನಗರದಲ್ಲಿ ಮನೆ ಮಾಡಿದ ಎರಡನೆಯ ವರ್ಷ ಎಸ್ತರ್ ಹೋದಳು. ಹೊಟ್ಟೆನೋವೆಂದು ದವಾಖಾನೆಗೆ ಹೋದವಳು ಎಂಟು ದಿನದಲ್ಲಿ ಹೋಗಿಬಿಟ್ಟಳು. ಮೂರನೆಯ ದಿನ ದಾನಪ್ಪ ಇಬ್ಬರು ಹಿರಿಯರ ಜೊತೆ ಕಾರಿನಲ್ಲಿ ಬಂದ. ಇವನು ಬಂದನಲ್ಲ, ಈಗ ಅಳಬಹುದು ಎನಿಸಿತು. ಅವನು ನನ್ನ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡು ಸಲ ಕೆಮ್ಮಿ, ಸತ್ಯವೇದ ತೆರೆದ. ನಿರೀಕ್ಷೆ, ನಂಬಿಕೆ, ನೆಮ್ಮದಿ. ಮೂರು ಅಂಶ, ಮೂರೂ ಒಂದೇ ಅಕ್ಷರ. ಸುಂದರವಾದ ಪ್ರಾರ್ಥನೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲವೂ ನಾನು ಹೇಳಿಕೊಟ್ಟಂತೆಯೇ ಇತ್ತು. ಮುಗಿಸಿ, ಗಡಿಯಾರ ನೋಡಿ, ‘ಧೈರ್ಯಾ ತಗೋರಿ ಅಯ್ಯನೋರ, ಕಲಾದಗ್ಯಾಗ ಒಂದ ಮದವಿ ಐತ್ರಿ’ ಎಂದು ಹೊರಟ. ಕಾರಿನ ಸದ್ದು ಬೀದಿ ದಾಟುವವರೆಗೆ ನಾನು ಹಾಗೆಯೇ ಕೂತಿದ್ದೆ. ಅವನ ಮೇಲೆ ಸಿಟ್ಟು ಮಾಡಲು ನನಗೆ ದಾರಿಯಿರಲಿಲ್ಲ. ಬಂದು ಹೋದವನು ನಾನೇ ಆಗಿದ್ದೆ. ಮರಿಯವ್ವನ ಮನೆಯಲ್ಲಿ ನನ್ನ ಅರ್ಧ ಗಂಟೆ ಹೇಗೆ ಕಳೆದಿರಬೇಕೆಂದು ಆಗ ತಿಳಿಯಿತು.

ಆರು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಆಮೇಲೆ ಒಂದು ಮಧ್ಯಾಹ್ನ, ಒಂದು ಚೀಲ ದಾಳಿಂಬೆ ಹಿಡಿದು ಬಾದಾಮಿಯ ಬಸ್ಸು ಹತ್ತಿದೆ. ಅವನ ಸಭೆಯ ದೇವಾಲಯದ ಗೇಟಿನಲ್ಲೇ ಒಂದು ಮಂಗ ಚೀಲ ಕಸಿದುಕೊಂಡು ಕಾಂಪೌಂಡಿನ ಗೋಡೆ ಹತ್ತಿತು. ಹೀಗಾಗಿ ಕ್ಷಮೆ ಕೇಳಲು ಬರಿಗೈಯಲ್ಲಿ ಒಳಗೆ ಹೋಗಬೇಕಾಯಿತು. ದಾನಪ್ಪ ಒಬ್ಬನೇ ಇದ್ದ. ಸುತ್ತುಬಳಸಿ ಹೇಳಲು ಮನಸ್ಸಾಗಲಿಲ್ಲ.

‘ರಾಮಥಾಳದಾಗ ನೀ ಮಾಡಿದ್ದ ಖರೆ ಇತ್ತು, ದಾನಪ್ಪ. ನಾ ಬೈದದ್ದು ತಪ್ಪು. ಮರಿಯವ್ವ ನಿನ್ನ ಕೇಳಿದ್ಲು, ನನ್ನ ಕೇಳಲಿಲ್ಲ. ಅದಕ್ಕ ಹೊಟ್ಟಿಕಿಚ್ಚು ಬಂತು.’

ಅವನು ಮೇಜಿನ ಬಟ್ಟೆಯ ಎಳೆಯೊಂದನ್ನು ಬೆರಳಿನಿಂದ ನೇವರಿಸಿದ.

‘ಅಮ್ಮಾರು ಹೋದ್ರು ಅಂತ ಫೋನ್ ಬಂದಾಗ ಭಾಳ ಅತ್ತೇನ್ರಿ’ ಎಂದ. ‘ಕಾರಿನ್ಯಾಗ ಬರೂತನಕ ಅತ್ತೇನಿ. ನಿಮ್ಮ ಮನಿ ಬಾಗಲದಾಗ ಮಾರಿ ತೊಳಕೊಂಡ ಒಳಗ ಬಂದ್ನಿ. ನಿಮ್ಮ ಮುಂದ ಅತ್ರ ನೀವು ಏನ ತಿಳಕೋತೀರೋ ಅಂತ. ಸುಮ್ಮನ ಕುಂಡ್ರಾಕ ನನಗ ಅಂಜಿಕಿ ಬರ್ತೈತ್ರಿ ಈಗ. ಸುಮ್ಮನ ಕುಂತ್ರ ಕೆಲಸ ಕಳ್ಳತನ ಮಾಡಿದಂಗ ಅನಸ್ತೈತಿ.’

‘ಅದನ್ನ ಬಿಡು. ಮೊದಲಿನಂಗ ಇರು’ ಎಂದೆ.

‘ಹೆಂಗ ಬಿಡ್ಲಿರಿ? ಹದಿನಾಲ್ಕ ವರ್ಷ ಆತು’ ಎಂದ. ಬೇಸರದಿಂದಲ್ಲ, ಸಿಟ್ಟಿನಿಂದಲೂ ಅಲ್ಲ. ನಿಜವಾಗಿಯೇ ತಿಳಿಯದೆ ಕೇಳಿದ. ಅಷ್ಟರಲ್ಲಿ ಯಾರೋ ಕರೆಯಲು ಬಂದರು. ಅವನು ಎದ್ದು, ಹಳೆಯ ರೂಢಿಯಂತೆ ತಲೆ ಬಾಗಿಸಿ, ‘ಪ್ರಾರ್ಥನಿ ಮಾಡ್ರಿ ಅಯ್ಯನೋರ’ ಎಂದ. ನಾನು ಕಣ್ಣು ಮುಚ್ಚಿದೆ. ಒಂದು ಶಬ್ದವೂ ಬರಲಿಲ್ಲ. ಕೊನೆಗೆ ಅವನೇ ಮೆಲ್ಲನೆ ಆಮೆನ್ ಎಂದ.

ಕ್ಷಮಿಸಿದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಹಬ್ಬಕ್ಕೆ ಫೋನ್ ಮಾಡುತ್ತಾನೆ, ಆರೋಗ್ಯ ಕೇಳುತ್ತಾನೆ. ಈಗಲೂ ಚೆನ್ನಾಗಿ ಪ್ರಸಂಗ ಮಾಡುತ್ತಾನೆಂದು ಜನ ಹೇಳುತ್ತಾರೆ. ಹಾಗೆ ಹೇಳಿದಾಗಲೆಲ್ಲ ಒಂದು ಒಳ್ಳೆಯ ಮಗ್ಗವನ್ನು ಒಡೆದು ಕುರ್ಚಿ ಮಾಡಿದವನ ಹಾಗೆ ಕೇಳಿಸಿಕೊಳ್ಳುತ್ತೇನೆ.

ಹೋದ ತಿಂಗಳು ಹಿರಿಯರು ಕಲಿಯುವವರನ್ನು ಇಟ್ಟುಕೊಂಡಿರುವ ಸಭಾಪಾಲಕರನ್ನೆಲ್ಲ ಬಾಗಲಕೋಟೆಗೆ ಕರೆಸಿ, ಅವರಿಗೆ ನಾಲ್ಕು ಮಾತು ಹೇಳಲು ನನ್ನನ್ನು ಕೂರಿಸಿದರು. ಬೇರೇನೂ ಹೇಳಲು ತೋಚದೆ ಇದೇ ಕಥೆಯನ್ನು ಹೇಳಿದೆ. ಊಟದ ಹೊತ್ತಿಗೆ ಇಳಕಲ್ಲಿನಿಂದ ಬಂದಿದ್ದ ಒಬ್ಬ ಸಭಾಪಾಲಕ ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದ. ಅವನ ಮನೆಯಲ್ಲಿ ಆ ವಾರವಷ್ಟೇ ಒಬ್ಬಾಕೆ ಕಲಿಯಲು ಬಂದಿದ್ದಳಂತೆ.

‘ಹಂಗಾದ್ರ ನಾವು ಏನೂ ಕಲಸಬಾರ್ದೇನ್ರಿ?’ ಎಂದು ಕೇಳಿದ. ಮುಖದಲ್ಲಿ ನಿಜವಾದ ಗಾಬರಿಯಿತ್ತು.

‘ಕಲಸಪ್ಪ. ಆದ್ರ ಮೊದಲ, ನಿನಗ ಬರದೇ ಇದ್ದದ್ದು ಆಕಿಗೆ ಏನ ಬರ್ತೈತಿ ಅನ್ನೂದನ್ನ ನೋಡು’ ಎಂದೆ.

ಅವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ‘೧’ ಎಂದು ಅಂಕಿ ಹಾಕಿ, ಆ ಮಾತನ್ನು ಅಚ್ಚುಕಟ್ಟಾಗಿ ಬರೆದುಕೊಂಡ. ಆಮೇಲೆ ಅದರ ಕೆಳಗೆ ‘೨’ ಎಂದು ಬರೆದು, ಪೆನ್ನು ಹಿಡಿದು ನನ್ನ ಬಾಯನ್ನೇ ನೋಡುತ್ತ ನಿಂತ.

‘ಎರಡನೇದಿಲ್ಲಪ್ಪ, ಊಟ ಮಾಡು ನಡಿ’ ಎಂದೆ.