ಹೆಸರು ಕಾಯುವ ಹೇಮಪ್ಪ

ಬೆಳಗಿನ ಆರು ಗಂಟೆ. ಅಗಡಿ ರಸ್ತೆಯಲ್ಲಿ ಎದುರುಗಾಳಿಗೆ ಬಗ್ಗಿ ಸೈಕಲ್ ತುಳಿಯುತ್ತಿರುವ ಹೇಮಪ್ಪ ಬಣಕಾರ, ಹಾವೇರಿಯ ಉದ್ಯೋಗ ವಿನಿಮಯ ಕಚೇರಿಯ ಜವಾನರು. ಜೇಬಿನ ಚೀಟಿಯಲ್ಲಿ ಇಂದು ಒಂದೇ ಹೆಸರಿದೆ: ಶೇಖವ್ವ. ಆಕೆಯ ನೋಂದಣಿ ಕಾರ್ಡು ನವೀಕರಿಸಲು ಇಂದೇ ಕೊನೆಯ ದಿನ. ತಪ್ಪಿದರೆ ಹದಿನೆಂಟು ವರ್ಷದ ಸೀನಿಯಾರಿಟಿ ಹೋಗಿ, ಹೊಸಬರ ಹಿಂದೆ ನಿಲ್ಲಬೇಕು.

ಟೈಪಿಂಗ್ ಸೀನಿಯರ್ ಪಾಸಾದ, ಮೂವತ್ತಾರರ ಶೇಖವ್ವ ಅಗಡಿಯ ತಮ್ಮ ಮನೆಯ ಅಂಗಳ ಗುಡಿಸುತ್ತಿದ್ದಾರೆ.

“ಇವತ್ತ ಕಡೀ ದಿನ ಐತೆವಾ. ಕಾರ್ಡ ತಗೊಂಡು ಲಗೂ ಬಾ.”

“ಟೈಪ್ ಮಾಡೂ ಮಷೀನ ಮೂಲ್ಯಾಗ ಬಿದ್ದಾವ, ನನ್ನ ಯಾರು ಕರೀತಾರ ಕಾಕಾ? ಬರೂ ವರ್ಷ ಮಗಳ ಹೆಸರು ಹಚ್ಚೂದೈತಿ. ತಾಯಿ ಮಗಳು ಕೂಡೇ ಪಾಳಿ ಹಚ್ಚೋಣೇನು?”

“ನಿನ್ನ ಪಾಳಿ ಮುಂದ ಐತಿ, ಅಷ್ಟ.”

ಶೇಖವ್ವ ನಗುತ್ತಾರೆ. ಬರುತ್ತೇನೆ ಎನ್ನುವುದಿಲ್ಲ.

ಹೀಗೆ ಮನೆಗೇ ಬಂದು ನೆನಪಿಸುವುದು ಹೇಮಪ್ಪನವರ ನೌಕರಿಯಲ್ಲ. 1971ರಲ್ಲಿ ಧಾರವಾಡದ ಕಚೇರಿ ಸೇರಿದಾಗ ಅವರ ಕೆಲಸ ಸಂದರ್ಶನದ ಕಾಗದಗಳನ್ನು ಅಂಚೆಗೆ ಹಾಕುವುದು. “ಒಂದೊಂದಿನ ಕೈಚೀಲ ತುಂಬತಿತ್ರಿ. ಮುಂದ ಕುಮಾರಪಟ್ಟಣದಾಗ ಕಾರ್ಖಾನಿ ಎದ್ದಿತು. ಬಸ್ಸಿಗೆ ಕಂಡಕ್ಟರು ಬೇಕು, ಕರೆಂಟಿಗೆ ಲೈನ್‌ಮನ್ನು ಬೇಕು. ನೌಕ್ರಿ ಸಿಕ್ಕವರು ಪೇಢೆ ತಂದು ನನ್ನ ಬಾಯಾಗ ಇಡತಿದ್ರು.”

ತೊಂಬತ್ತರ ನಂತರ ನೇಮಕಾತಿ ಬತ್ತಿತು, ಚೀಲ ಹಗುರಾಯಿತು. ಹಾವೇರಿ ಜಿಲ್ಲೆಯಾದ ಮೇಲೆ ಇಲ್ಲಿಗೆ ಬಂದ ಅವರು ಕಳೆದ ವರ್ಷ ಅಂಚೆಗೆ ಹಾಕಿದ್ದು ಹನ್ನೊಂದೇ ಕಾಗದ. ನವೀಕರಣಕ್ಕೆ ಮಾತ್ರ ದಿನಕ್ಕೆ ಮೂವತ್ತು ಜನ ಬರುತ್ತಾರೆ. ಬಾರದವರ ಕಾರ್ಡಿನ ಕಚೇರಿ ಪ್ರತಿಯನ್ನು ಡ್ರಾಯರಿನಿಂದ ತೆಗೆದು ಕಟ್ಟು ಕಟ್ಟಬೇಕಾದವರು ಹೇಮಪ್ಪನವರೇ. ಅಂಥ ದಿನ ಊಟ ಸೇರುವುದಿಲ್ಲ. ಅದಕ್ಕೇ ಈ ಸೈಕಲ್ ಸವಾರಿ. ಹೆಂಡತಿ ತೀರಿ ಆರು ವರ್ಷವಾಯಿತು, ಬೆಳಿಗ್ಗೆ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಹಳ್ಳಿಗಳಲ್ಲೂ ಅವರನ್ನು ದೂರದಿಂದ ಕಂಡೇ ಬಾಗಿಲು ಮುಂದೆ ಮಾಡುವವರಿದ್ದಾರೆ. “ಸಿಟ್ಟಿಲ್ರಿ. ನನ್ನ ಕಂಡ್ರ ಅವರಿಗೆ ತಮ್ಮ ವಯಸ್ಸು ನೆನಪಾಕ್ಕೈತಿ.”

ಸಂಜೆ ಐದೂಕಾಲು. ಕೌಂಟರ್ ಮುಚ್ಚಲು ಹದಿನೈದು ನಿಮಿಷವಿದೆ. ಚಹಾಕ್ಕೆ ಕರೆದರೂ ಹೋಗದೆ ಹೇಮಪ್ಪ ಬಾಗಿಲಲ್ಲೇ ನಿಂತಿದ್ದಾರೆ. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಶೇಖವ್ವ ಬರುತ್ತಾರೆ. ಗುಮಾಸ್ತರು ಮುದ್ರೆ ಒತ್ತುತ್ತಾರೆ.

“ನೌಕ್ರಿ ಆಸೇಕ್ಕ ಬಂದಿಲ್ಲ ಕಾಕಾ,” ಆಕೆ ಕಾರ್ಡು ಮಡಚುತ್ತ ಹೇಳುತ್ತಾರೆ. “ನೀವು ಅಷ್ಟು ದೂರ ತುಳಕೊಂಡು ಬಂದಿದ್ರಿ, ಅದಕ್ಕ ಬಂದೆ.”

ಹೇಮಪ್ಪ ಬಾಗಿಲು ಬಿಟ್ಟು ಒಳಗೆ ಬರುತ್ತಾರೆ. ಮುಂದಿನ ತಿಂಗಳು ಅವರಿಗೆ ನಿವೃತ್ತಿ. ಶೇಖವ್ವ ಬಸ್ಸಿಗೆ ಹೊರಟ ಮೇಲೆ, ಕಿಟಕಿಯ ಅಗುಳಿ ಹಾಕುತ್ತ ಹೇಳುತ್ತಾರೆ:

“ಕೆಲಸ ಕೊಡಸೂದು ನನ್ನ ಕೈಯಾಗ ಇರ್ಲಿಲ್ರಿ. ಆದ್ರ ನಾ ಸೈಕಲ್ ತುಳದ ಹಳ್ಳ್ಯಾಗ, ಮರತು ಕಳದಹೋದ ಹೆಸರು ಒಂದೂ ಇಲ್ಲ.”